ಇರುವೆಗಳಿಗೆ ಮನೆ ಬದಲಿಸಿಕೊಡುವ ಎತೆಲ್ಕಾ

ಬೆಳಗಿನ ಐದು ಗಂಟೆ. ನಾಲ್ಕನೇ ಗಾಜಿನ ಮನೆಯ ಹದಿನೇಳನೇ ಸಾಲಿನಲ್ಲಿ ಬೊಗ್ನಾರ್ ಎತೆಲ್ಕಾ ಮಂಡಿಯೂರಿ ಕೂತಿದ್ದಾರೆ. ಅವರ ಮುಂದೆ ಮೆಣಸಿನ ಗಿಡಗಳ ನಡುವೆ ಬೋರಲು ಹಾಕಿದ ಒಂದು ಮಣ್ಣಿನ ಹೂಕುಂಡ. ಒಂದು ಕೈಯಲ್ಲಿ ತಗಡಿನ ಕಸದ ಮೊರ. ಇನ್ನೊಂದು ಕೈಯನ್ನು, ಮಗುವಿಗೆ ಜ್ವರ ಇದೆಯೇ ಎಂದು ನೋಡುವವರ ಹಾಗೆ, ಕುಂಡದ ನೆತ್ತಿಯ ಮೇಲಿಟ್ಟಿದ್ದಾರೆ.

"ಬೆಚ್ಚಗಿದೆ. ಒಳಗಿದಾರೆ," ಎನ್ನುತ್ತಾರೆ. ನಾನು ಉಸಿರು ಬಿಗಿಹಿಡಿದು ಬಗ್ಗುತ್ತೇನೆ. ಮೊರವನ್ನು ಕುಂಡದ ಅಡಿಗೆ ಒಂದೇ ಸಲಕ್ಕೆ ನೂಕಿ, ಕುಂಡವನ್ನು ಬೆರಳಷ್ಟು ಓರೆ ಮಾಡಿ ತೋರಿಸುತ್ತಾರೆ. ಕುಂಡದೊಳಗೆ ತುರುಕಿದ್ದ ಒಣಹುಲ್ಲು ಕಾಣುವುದೇ ಇಲ್ಲ. ಎಲ್ಲ ಕಡೆ ಕಪ್ಪು ಇರುವೆ, ಪ್ರತಿಯೊಂದರ ಬಾಯಲ್ಲೂ ಅಕ್ಕಿಕಾಳಿನಂಥ ಬಿಳಿ ಗಂಟು. ಜನ ಅದನ್ನು ಇರುವೆಮೊಟ್ಟೆ ಎನ್ನುತ್ತಾರೆ. ನಿಜವಾಗಿ ಅವು ನೂಲಿನ ಚೀಲದೊಳಗೆ ಮಲಗಿರುವ ಮರಿಗಳು. ರಾತ್ರಿ ತಂಪಾದ ಮಣ್ಣಿಂದ ಅವನ್ನೆಲ್ಲ ಎತ್ತಿ ಬೆಚ್ಚಗಿನ ಕುಂಡಕ್ಕೆ ಸಾಗಿಸಿ ಮುಗಿದಿದೆ. ಎಷ್ಟಿರಬಹುದು ಎಂದು ಕೇಳಿದೆ. "ನಮ್ಮೂರಿನ ಜನಕ್ಕಿಂತ ಜಾಸ್ತಿ," ಎಂದು ಎತೆಲ್ಕಾ ಎದ್ದು ನಿಂತರು. ಮಂಡಿ ಲಟಕ್ಕೆಂದಿತು.

ಕುಂಡವನ್ನು ಎರಡು ಕೈಯಲ್ಲಿ ಹಿಡಿದು ಹಿಂಬಾಗಿಲಿನಿಂದ ಹೊರಗೆ ನಡೆಯುತ್ತಾರೆ. ಕಾಲುವೆಯ ದಂಡೆಯಲ್ಲಿ ಹಳೆಯ ಗೊಬ್ಬರದ ಗುಡ್ಡೆಯೊಂದಿದೆ, ಏಪ್ರಿಲ್ ಚಳಿಗೆ ಇನ್ನೂ ಹಬೆಯಾಡುತ್ತದೆ. ಅದರ ಬಿಸಿಲು ಬೀಳುವ ಮಗ್ಗುಲಲ್ಲಿ ಕುಂಡ ಇಟ್ಟು, ಮೊರ ಎಳೆದುಕೊಂಡು, ಸುತ್ತ ಸ್ವಲ್ಪ ಹುಲ್ಲು ಒತ್ತುತ್ತಾರೆ. ಅಲ್ಲಿಗೆ ಒಂದು ಸಂಸಾರದ ಮನೆ ಬದಲಾಯಿತು. ಇವತ್ತು ಇಂಥವು ಇನ್ನೂ ಹದಿಮೂರು ಇವೆ.

ಹಂಗೇರಿಯ ತಿಸಾ ನದಿಯ ಈ ಬಯಲಿಗೆ ನಾನು ಬಂದು ಹತ್ತೊಂಬತ್ತು ವರ್ಷವಾಯಿತು. ನಾದಶ್‌ಹಾತ್ ಎಂಬ ಈ ಊರಿನ ತಿಳಿಹಳದಿ ಮೆಣಸಿನಕಾಯಿಯನ್ನು ಬ್ರೆಡ್ಡಿನ ಜೊತೆ ಹಸಿಯಾಗಿ ಕಚ್ಚಿ ತಿನ್ನುವುದು ನನಗೂ ಇಲ್ಲಿಯವರಷ್ಟೇ ರೂಢಿ. ಅದರ ಹಿಂದೆ ಹೀಗೊಬ್ಬ ಹೆಂಗಸು ಬೆಳಗಾಗುವ ಮೊದಲೇ ಇರುವೆ ಹೊರುತ್ತಿರುತ್ತಾಳೆ ಎಂದು ಒಂದು ದಿನವೂ ನನ್ನ ತಲೆಗೆ ಹೊಳೆದಿರಲಿಲ್ಲ. ನಾಚಿಕೆಯಾಗಬೇಕು.

ಇರುವೆ ಮೆಣಸನ್ನು ತಿನ್ನುವುದಿಲ್ಲ. ಅದು ಗಿಡಹೇನನ್ನು ಸಾಕುತ್ತದೆ, ನಾವು ಹಸು ಸಾಕಿದಂತೆ. ಹೇನು ಎಲೆಯ ರಸ ಹೀರಿ ಹಿಂದಿನಿಂದ ಸಿಹಿ ಅಂಟು ಬಿಡುತ್ತದೆ, ಇರುವೆ ಅದನ್ನು ಕುಡಿಯುತ್ತದೆ. ಈ ಮನೆಯಲ್ಲಿ ಹೇನಿಗೆ ಮದ್ದು ಹೊಡೆಯುವುದಿಲ್ಲ, ಬದಲಿಗೆ ಸೊಳ್ಳೆಗಿಂತ ಸಣ್ಣ ಕಣಜಗಳನ್ನು ಬಿಡುತ್ತಾರೆ. ಕಣಜ ಹೇನಿನ ಹೊಟ್ಟೆಯೊಳಗೆ ಮೊಟ್ಟೆಯಿಟ್ಟು ಅದನ್ನು ಮುಗಿಸುತ್ತದೆ. ಆದರೆ ತನ್ನ ಹಸುವಿನ ತಂಟೆಗೆ ಬಂದವರನ್ನು ಇರುವೆ ಸುಮ್ಮನೆ ಬಿಟ್ಟೀತೇ? ಅಟ್ಟಾಡಿಸಿ ಓಡಿಸುತ್ತದೆ. ಹಾಗಾಗಿ ಇರುವೆ ಹೋದರೆ ಮಾತ್ರ ಕಣಜಕ್ಕೆ ಕೆಲಸ, ಕಣಜಕ್ಕೆ ಕೆಲಸ ಸಿಕ್ಕರೆ ಮಾತ್ರ ಮನೆ ಮದ್ದಿಲ್ಲದೆ ಉಳಿಯುತ್ತದೆ. ನಾಲ್ಕನೇ ಮನೆ ಹಾಗೆ ಉಳಿದು ಮೂವತ್ತೊಂದು ವರ್ಷ.

ಈ ವರ್ಷ ಉಳಿಯುವ ಲಕ್ಷಣ ಇರಲಿಲ್ಲ. ಪತ್ರಿಕೆಗೆ ಬರೆಯಲೆಂದು ನಾನು ಹೋಗಿದ್ದು ಮಂಗಳವಾರ. ಹಿಂದಿನ ದಿನ ಹೇನು ಎಣಿಸಿದಾಗ ಎಲೆಗೆ ಸರಾಸರಿ ನಲವತ್ತೊಂದು ಸಿಕ್ಕಿದ್ದವು, ಇಪ್ಪತ್ತು ದಾಟಿದರೆ ಫಸಲು ಕೈಬಿಟ್ಟಂತೆ. ಮೇಲ್ವಿಚಾರಕ ಸಾಬೋಲ್ಚ್ ಮೂವತ್ನಾಲ್ಕರ ಹುಡುಗ, ಕೃಷಿ ಕಾಲೇಜಿನಲ್ಲಿ ಓದಿ ಬಂದವನು, ಕೆಟ್ಟವನಲ್ಲ. ಶನಿವಾರದವರೆಗೆ ಗಡುವು ಕೊಟ್ಟಿದ್ದ. ಅಷ್ಟರಲ್ಲಿ ಇಳಿಯದಿದ್ದರೆ ಅವತ್ತು ಮಧ್ಯಾಹ್ನ ಮದ್ದಿನ ಗಾಡಿ ಒಳಗೆ ಬರುತ್ತದೆ.

"ಬರ್ಲಿ," ಎಂದರು ಎತೆಲ್ಕಾ. "ಅದು ಒಳಗೆ ಬಂದ ದಿನ ನಾನು ಸೈಕಲ್ ಹತ್ತಿ ಮನೆಗೆ ಹೋಗ್ತೀನಿ, ಮಗಳೇ. ವಾಪಸ್ ಬರಲ್ಲ. ಹಟ ಅನ್ಕೋಬೇಡ. ಮದ್ದು ಹೊಡೆದ ಮನೆಯೊಳಗೆ ಹತ್ತು ನಿಮಿಷ ನಿಂತ್ರೆ ನನ್ನ ಎದೆ ಕಟ್ಕೊಳ್ಳತ್ತೆ."

ಎದೆ ಹಾಗಾಗಿದ್ದಕ್ಕೂ ಒಂದು ಕಥೆ ಇದೆ. ಸಹಕಾರಿ ತೋಟದ ಕಾಲದಲ್ಲಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ, ಎತೆಲ್ಕಾ ಬೆನ್ನಿಗೆ ಮದ್ದಿನ ಡಬ್ಬಿ ಕಟ್ಟಿಕೊಂಡು ಸಾಲು ಸಾಲು ನಡೆದವರು. ಮುಖಕ್ಕೆ ತಲೆವಸ್ತ್ರ ಸುತ್ತಿಕೊಂಡರೆ ಅದೇ ರಕ್ಷಣೆ. ನಾಲ್ಕನೇ ಬೇಸಿಗೆಯಲ್ಲಿ ಸಾಲಿನ ನಡುವೆಯೇ ಬಿದ್ದರು. ಎದ್ದಾಗ ಮೂಗಿಗೆ ಯಾವ ವಾಸನೆಯೂ ಇಲ್ಲ. ಇವತ್ತಿಗೂ ಇಲ್ಲ. ದಿನವಿಡೀ ಮೆಣಸಿನ ನಡುವೆ ಇರುವ ಈ ಹೆಂಗಸಿಗೆ ಮೆಣಸಿನ ಘಮ ಗೊತ್ತಿಲ್ಲ ಎಂದು ತಿಳಿದಾಗ ನನಗೆ ಸಂಕಟವಾಯಿತು. ಅವರಿಗೇನೂ ಆಗಲಿಲ್ಲ. "ಗೊಬ್ಬರದ ವಾಸನೆನೂ ಬರಲ್ವಲ್ಲ, ಅದು ಲಾಭ," ಎಂದರು.

ಆಮೇಲೆ ಅವರನ್ನು ಇರುವೆಯ ಕೆಲಸಕ್ಕೆ ಹಾಕಿದರು. ಯಾರಿಗೂ ಬೇಡದ ಕೆಲಸ ಅದು. ಈ ಊರಿನ ಗಾಜಿನ ಮನೆಗಳೆಲ್ಲ ಬಿಸಿನೀರಿನ ಬಾವಿಯ ಮೇಲೆ ನಿಂತಿವೆ. ಭೂಮಿಯ ಆಳದಿಂದ ಕುದಿಯುವಂಥ ನೀರು ಬಂದು ಕೊಳವೆಗಳಲ್ಲಿ ಹರಿದು ಮನೆಯನ್ನು ಬೆಚ್ಚಗಿಡುತ್ತದೆ. ಕೈಗೆಟುಕುವಲ್ಲೇ ಅಂಥ ನೀರಿರುವಾಗ ಇರುವೆಗೂಡು ಕಂಡರೆ ಯಾರಾದರೂ ಏನು ಮಾಡುತ್ತಾರೆ? ನಲ್ಲಿ ತಿರುಗಿಸಿ ಬಕೆಟ್ ಹಿಡಿಯುತ್ತಾರೆ. ಎತೆಲ್ಕಾ ಕೂಡ ಹಿಡಿದರು, ಆರು ಬಕೆಟ್ ಸುರಿದರು. ಮೂರನೇ ದಿನ ಅರ್ಧ ಸಾಲು ಮೆಣಸು ಬಾಡಿ ಮಲಗಿತು. ಬಿಸಿಗೆ ಅರ್ಧ ಬೇರು ಹೋಯಿತು, ನೀರಿನ ಉಪ್ಪಿಗೆ ಇನ್ನರ್ಧ. ಇರುವೆಗಳು ಪಕ್ಕದ ಸಾಲಿನಲ್ಲಿ ಹಾಯಾಗಿದ್ದವು.

"ಮಿತೋ ಬಾಚಿ ಬಾಗಿಲಲ್ಲಿ ನಿಂತು ನಗ್ತಾ ಇದ್ರು," ಎಂದು ಎತೆಲ್ಕಾ ನೆನೆಯುತ್ತಾರೆ. ಹಿರಿಯ ಗಂಡಸರನ್ನು ಇಲ್ಲಿ ಬಾಚಿ ಎನ್ನುತ್ತಾರೆ, ಹೆಂಗಸರನ್ನು ನೇನಿ. ಮಿತೋ ಆಗ ತೋಟದ ಹಿರಿಯ ಕೆಲಸಗಾರರು. ಅವರ ತಾತ ಬಲ್ಗೇರಿಯಾದಿಂದ ಬಂದು ಇಲ್ಲಿ ತರಕಾರಿ ಬೆಳೆದವರು. "'ಹುಡುಗೀ, ನಿನಗೆ ಬೇಡದ ಅತಿಥಿನ ಓಡಿಸ್ಬೇಕಾ? ಕೋಲು ತಗೋಬೇಡ, ಪಕ್ಕದ ಮನೇಲಿ ಒಲೆ ಹಚ್ಚು, ತಾವೇ ಎದ್ದು ಹೋಗ್ತಾರೆ' ಅಂದ್ರು. ಅಂದು ಒಂದು ಹೂಕುಂಡ ಕೈಗೆ ಕೊಟ್ರು. ಅಷ್ಟೇ ಅವರ ಪಾಠ. ಉಳಿದಿದ್ದೆಲ್ಲ ಇರುವೆಗಳೇ ಕಲಿಸಿದ್ದು."

ಆ ಉಳಿದಿದ್ದೇ ದೊಡ್ಡದು. ಕುಂಡ ಎಲ್ಲಿಟ್ಟರೂ ಆಗುವುದಿಲ್ಲ, ಕೊಳವೆಯಿಂದ ಎರಡು ಗೇಣು ದೂರ ಇರಬೇಕು. ಹುಲ್ಲು ಹಳೆಯದಾಗಬಾರದು, ಸ್ವಲ್ಪ ತೇವ ಬೇಕು. ಎತ್ತುವ ಮೊದಲು ಜೋರಾಗಿ ಹೆಜ್ಜೆ ಹಾಕಬಾರದು, ಕಂಪನ ತಿಳಿದರೆ ಮರಿಗಳನ್ನು ಕಚ್ಚಿಕೊಂಡು ಕ್ಷಣದಲ್ಲಿ ಮಣ್ಣಿಗಿಳಿಯುತ್ತವೆ. ಮೂರೂವರೆಗೆ ಏಳುವುದು, ನಾಲ್ಕು ಕಿಲೋಮೀಟರ್ ಸೈಕಲ್, ನಲವತ್ತಾರು ಸಾಲು, ಮೂವತ್ತೆಂಟು ಕುಂಡ, ವಾರಕ್ಕೊಮ್ಮೆ ನೂರು ಎಲೆ ಮಗುಚಿ ಹೇನು ಎಣಿಸುವುದು. ಅರವತ್ನಾಲ್ಕನೇ ವಯಸ್ಸಿನಲ್ಲಿ ದಿನಕ್ಕೆ ಹನ್ನೊಂದು ಕಿಲೋಮೀಟರ್ ನಡೆಯುತ್ತಾರೆ, ಅದರಲ್ಲಿ ಬಹುಪಾಲು ಬಗ್ಗಿಕೊಂಡೇ. ಸಂಬಳದ ಚೀಟಿಯಲ್ಲಿ ಈ ಕೆಲಸಕ್ಕೆ ಹೆಸರಿಲ್ಲ, "ಇತರೆ" ಎಂದಿದೆ.

ಎಂಟು ಗಂಟೆಗೆ ತಿಂಡಿ. ಹಂದಿಕೊಬ್ಬು ಸವರಿದ ಬ್ರೆಡ್ಡು, ಮೇಲೆ ಕೆಂಪು ಈರುಳ್ಳಿ. ಪಕ್ಕದ ಗಾಜಿನ ಮನೆಯಲ್ಲಿ ಕಾಯಿ ಕೀಳುವ ಇರ್ಮಾ ಬಂದು ಕೂತರು. ಇಪ್ಪತ್ತು ವರ್ಷದ ಗೆಳತಿ, ಬಾಯಿ ಜೋರು.

"ಪೇಪರ್‌ನಲ್ಲಿ ಇವಳ ಫೋಟೋ ಬರತ್ತಾ? ಹಿಂದಿನಿಂದ ತೆಗೀರಿ. ನಾವೆಲ್ಲ ಇವಳನ್ನ ನೋಡಿರೋದು ಆ ಕಡೆಯಿಂದಾನೇ."

"ನಿನ್ನ ನಾಲಿಗೆ ಮೇಲೂ ಒಂದು ಕುಂಡ ಬೋರಲು ಹಾಕ್ಬೇಕು ಇರ್ಮಾ."

"ಹಾಕು, ಬೆಚ್ಚಗಿರತ್ತೆ." ಇರ್ಮಾ ಈರುಳ್ಳಿ ಕಚ್ಚಿದರು. ಆಮೇಲೆ ದನಿ ತಗ್ಗಿಸಿ, "ಎತೂ, ನಿಜ ಹೇಳು. ಈ ಸಲ ಆಗತ್ತಾ?" ಎಂದರು.

ಎತೆಲ್ಕಾ ಬ್ರೆಡ್ಡನ್ನು ಕೆಳಗಿಟ್ಟರು. "ದಿನಾ ಹದಿನಾಲ್ಕು ಕುಂಡ ಹೊರಗೆ ಹೋಗ್ತಿದೆ. ಸಾಲಿನಲ್ಲಿ ಇರುವೆ ಒಂದೂ ಕಮ್ಮಿ ಆಗಿಲ್ಲ. ನಾನು ತಗೊಂಡು ಹೋಗ್ತಿರೋದು ಮಕ್ಕಳು ಮರಿ ಅಷ್ಟೇ. ತಾಯಿ ಎಲ್ಲೋ ಕೂತಿದಾಳೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ." ಅವರ ದನಿಯಲ್ಲಿ ಆ ದಿನ ಮೊದಲ ಸಲ ಅಳುಕು ಕೇಳಿಸಿತು.

ಬುಧವಾರ ಬೆಳಿಗ್ಗೆ ಬರುವಾಗ ಒಂದು ಸಣ್ಣ ಬಾಟಲಿ ತಂದಿದ್ದರು. ಬೀಟ್‌ರೂಟ್ ಬೇಯಿಸಿದ ನೀರು, ಅದಕ್ಕೆ ಸಕ್ಕರೆ ಹಾಕಿ ಗಟ್ಟಿಯಾಗಿ ಕಾಯಿಸಿದ್ದು. ಬಾಟಲಿಯ ಮುಚ್ಚಳಗಳಲ್ಲಿ ನಾಲ್ಕು ನಾಲ್ಕು ಹನಿ ಬಿಟ್ಟು ಸಾಲುಗಳಲ್ಲಿ ಇಡುತ್ತಾ ಹೋದರು. ಇರುವೆಗಳು ಹಬ್ಬದೂಟಕ್ಕೆ ಬಂದಂತೆ ಮುತ್ತಿದವು. ಕಾಲು ಗಂಟೆ ಕಳೆದ ಮೇಲೆ ಒಂದರ ಹಿಂದೆ ಟಾರ್ಚ್ ಹಿಡಿದು ನನ್ನನ್ನು ಕರೆದರು. ನೋಡಿ ದಂಗಾದೆ. ಕುಡಿದು ಉಬ್ಬಿದ ಕಪ್ಪು ಹೊಟ್ಟೆಯ ಪಟ್ಟಿಗಳ ನಡುವೆ ಕೆಂಪು ಹೊಳೆಯುತ್ತಿದೆ! ದಿನವೂ ಕಾಲಡಿಯಲ್ಲಿ ಹರಿಯುವ ಒಂದು ಜೀವದ ಒಳಗನ್ನು ಕಂಡು ನನಗೆ ಮೈ ಜುಮ್ಮೆಂದಿತು.

"ಇವಳು ಕುಡಿದದ್ದು ಇವಳಿಗೋಸ್ಕರ ಅಲ್ಲ," ಎಂದು ಎತೆಲ್ಕಾ ಪಿಸುಗುಟ್ಟಿದರು. "ಹೊಟ್ಟೇಲಿ ತುಂಬ್ಕೊಂಡು ಮನೆಗೆ ಹೋಗಿ ಎಲ್ಲರ ಬಾಯಿಗೂ ಹಾಕ್ತಾಳೆ. ಈಗ ಇವಳು ಮನೆಗೇ ಹೋಗ್ಬೇಕು. ಬಾ."

ನಾವಿಬ್ಬರೂ ಕೆಂಪು ಹೊಟ್ಟೆಗಳ ಹಿಂದೆ ಹೊರಟೆವು. ಅವರು ಮಂಡಿಯ ಮೇಲೆ, ನಾನು ಅವರ ಹಿಂದೆ ಹೇಗೋ ತೆವಳುತ್ತಾ. ಎರಡು ಗಂಟೆ ಹಿಡಿಯಿತು. ಎಲ್ಲ ಸಾಲಿನ ಕೆಂಪು ಹೊಟ್ಟೆಗಳೂ ಮನೆಯ ಉತ್ತರದ ಗೋಡೆಗೆ ಬಂದು ಸೇರಿದವು. ಅಲ್ಲಿ ನೆಲದ ಕೊಳವೆಯ ಒಂದು ಕವಲು ಹಾದುಹೋಗುತ್ತದೆ. ಶಾಖ ಪೋಲಾಗದಿರಲೆಂದು ಅದಕ್ಕೆ ಕಳೆದ ಶರತ್ಕಾಲದಲ್ಲಿ ದಪ್ಪ ಫೋಮಿನ ಹೊದಿಕೆ ಹಾಕಿದ್ದರು. ಹೊದಿಕೆಯ ಅಂಚಿನ ಒಂದು ಬೆಂಕಿಕಡ್ಡಿಯಷ್ಟು ಬಿರುಕಿನೊಳಗೆ ಇರುವೆಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಎತೆಲ್ಕಾ ಹೊದಿಕೆಗೆ ಕಿವಿ ಒತ್ತಿದರು. ನನಗೂ ಒತ್ತಲು ಹೇಳಿದರು. ಒಳಗೆ ಸಣ್ಣಗೆ ಸರಸರ ಶಬ್ದ.

ಸಾಬೋಲ್ಚ್‌ನನ್ನು ಕರೆದು, ಚಾಕುವಿನಿಂದ ಹೊದಿಕೆಯ ಒಂದು ಚೂರನ್ನು ಸೀಳಿ ತೆಗೆದು ತೋರಿಸಿದರು. ಹಳದಿ ಫೋಮನ್ನು ಕೊರೆದು ಕೋಣೆಗಳು, ಓಣಿಗಳು, ಒಂದರ ಮೇಲೊಂದು ಮಹಡಿ. ಕೊಳವೆಗೆ ಹತ್ತಿರದ ಬಿಸಿ ಕೋಣೆಗಳಲ್ಲಿ ನೂಲಿನ ಚೀಲದ ಮರಿಗಳು, ನಡುವೆ ಎಳೆಯ ಹುಳುಗಳು, ಹೊರಗಿನ ತಂಪಿನಲ್ಲಿ ಮೊಟ್ಟೆಗಳು. ಯಾರೂ ಹೇಳಿಕೊಡದೆ ಶಾಖವನ್ನು ಅಳೆದು ಅಳೆದು ಇಟ್ಟಿದ್ದವು. ನಾನು ದೊಡ್ಡ ಇಗರ್ಜಿಗಳನ್ನು ನೋಡಿದ್ದೇನೆ. ಅಲ್ಲೆಲ್ಲೂ ತಲೆ ಹೀಗೆ ತಾನಾಗಿ ಬಾಗಿರಲಿಲ್ಲ. ಹೊದಿಕೆಯ ಉದ್ದಕ್ಕೂ ತಟ್ಟಿ ನೋಡಿದ ಎತೆಲ್ಕಾ, "ನಾಲ್ಕು ಮೀಟರ್," ಎಂದರು.

ಸಾಬೋಲ್ಚ್ ಕೆಂಪಾಗಿದ್ದ. ಹೊದಿಕೆ ಹಾಕಿಸಿದ್ದು ಅವನೇ. ಆ ಉಳಿತಾಯದ ಬಗ್ಗೆ ಕಚೇರಿಯಲ್ಲಿ ನಾಲ್ಕು ಜನರೆದುರು ಹೇಳಿಕೊಂಡಿದ್ದನಂತೆ.

"ಅಂದ್ರೆ ನಾನೇ ಇವಕ್ಕೆ ಅರಮನೆ ಕಟ್ಟಿಸಿಕೊಟ್ಟೆ ಅನ್ನಿ, ನೇನಿ."

"ನೀನು ಬಿಸಿಗೆ ಹೊದಿಕೆ ಹಾಕ್ದೆ. ಅವರು ಹೊದ್ಕೊಂಡ್ರು. ಅದ್ರಲ್ಲಿ ಯಾರ ತಪ್ಪೂ ಇಲ್ಲ," ಎಂದರು ಎತೆಲ್ಕಾ. "ನಾನೂ ಒಂದು ಕಾಲದಲ್ಲಿ ಆರು ಬಕೆಟ್ ಸುರಿದವಳೇ."

"ಹಾಗಾದ್ರೆ ಈಗ್ಲೇ ಇಲ್ಲಿಗೊಂದೇ ಮದ್ದು ಹೊಡೆದ್ಬಿಡೋಣ. ಇದೊಂದೇ ಜಾಗಕ್ಕೆ."

"ಹೊಡಿ. ಅರ್ಧ ಸಾಯ್ತಾರೆ. ಇನ್ನರ್ಧ ತಾಯಿನ ಎತ್ಕೊಂಡು ಮಣ್ಣೊಳಗೆ ಹೋಗ್ತಾರೆ. ಆಮೇಲೆ ನೀನೂ ಹುಡುಕಲಾರೆ, ನಾನೂ ಹುಡುಕಲಾರೆ." ಅವರು ಎದ್ದು ನಿಂತು ಮೊಣಕಾಲು ಒರೆಸಿಕೊಂಡರು. "ಈ ಕವಲಿನ ವಾಲ್ವ್ ಮೂರು ದಿನ ಬೆಳಗಿನ ಜಾವ ನಾಲ್ಕರಿಂದ ಏಳರವರೆಗೆ ಮುಚ್ಚು. ಮೇಲಿನ ಕೊಳವೆ ಉರೀತಾ ಇರತ್ತೆ, ಗಿಡಕ್ಕೆ ಏನೂ ಆಗಲ್ಲ. ಇಲ್ಲಿ ಚಳಿ ಆದ್ರೆ ಅವರೇ ಹೊರಡ್ತಾರೆ."

"ಹೂ ಉದುರಿದ್ರೆ?"

"ಉದುರಿದ್ರೆ ಎತೆಲ್ಕಾ ಉದುರಿಸಿದ್ಲು ಅಂತ ಬರ್ಕೋ."

ಅವನು ವಾಲ್ವಿನ ಕಡೆ ನೋಡಿದ, ಗಿಡಗಳ ಕಡೆ ನೋಡಿದ. ಕೊನೆಗೆ ತಲೆಯಾಡಿಸಿದ. ಆದರೆ ಗಡುವು ಮಾತ್ರ ಶನಿವಾರವೇ ಎಂದ.

ಗುರುವಾರ ಜಾವ ಎತೆಲ್ಕಾ ಹೊದಿಕೆಯ ಪಕ್ಕದಲ್ಲಿ ಹನ್ನೆರಡು ಕುಂಡಗಳನ್ನು ಸಾಲಾಗಿ ಬೋರಲು ಹಾಕಿದರು. ಪ್ರತಿ ಕುಂಡದ ಕೆಳಗೆ ಬಿಸಿನೀರು ತುಂಬಿದ ಒಂದು ಚಪ್ಪಟೆ ಬಾಟಲಿ, ಅದರ ಮೇಲೆ ಮಣ್ಣು, ಮೇಲೆ ಹುಲ್ಲು. ನೀರು ಆರಿದಂತೆಲ್ಲ ಬದಲಿಸುತ್ತಾ ಕೂತರು. ಕೊಳವೆ ತಣ್ಣಗಾಯಿತು. ಐದರ ಹೊತ್ತಿಗೆ ಬಿರುಕಿನಿಂದ ಒಂದು ಇರುವೆ ಇಣುಕಿ, ಕುಂಡದವರೆಗೆ ಬಂದು, ವಾಪಸ್ ಹೋಯಿತು. ಹತ್ತು ನಿಮಿಷದಲ್ಲಿ ಅಲ್ಲಿಂದ ಇಲ್ಲಿಗೆ ಬಿಳಿ ಚುಕ್ಕೆಗಳ ಹೊಳೆ ಹರಿಯತೊಡಗಿತು. ಪ್ರತಿ ಚುಕ್ಕೆಯೂ ಒಂದು ಮರಿ. ಮೊದಲ ದಿನ ಐದು ಕುಂಡ ತುಂಬಿದವು. ಶುಕ್ರವಾರ ಒಂಬತ್ತು. ಆದರೆ ತಾಯಿ ಬರಲಿಲ್ಲ. ಅವಳು ಬರದಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ, ತಿಂಗಳೊಳಗೆ ಮತ್ತೆ ಅಷ್ಟೇ ಮಂದಿ.

ಶನಿವಾರ ಜಾವ ಇರ್ಮಾ ಕೂಡ ಬಂದಿದ್ದರು, ಕೈಯಲ್ಲಿ ಪೊಗಾಚಾ ತುಂಬಿದ ಡಬ್ಬಿ. ಉಪ್ಪುಬಿಸ್ಕತ್ತಿನಂಥ ಆ ಬಿಸಿ ಬನ್ನುಗಳನ್ನು ಯಾರೂ ಮುಟ್ಟಲಿಲ್ಲ. ಸಾಬೋಲ್ಚ್ ಕೋಟಿನ ಜೇಬಿನಲ್ಲಿ ಕೈಯಿಟ್ಟು ದೂರ ನಿಂತಿದ್ದ. ಐದೂ ಮುಕ್ಕಾಲಾಯಿತು, ಆರಾಯಿತು. ಹೊಳೆ ತೆಳುವಾಯಿತು. ಸಾಗಿಸಲು ಮರಿಗಳೇ ಉಳಿದಿರಲಿಲ್ಲ. ಆರೂ ಇಪ್ಪತ್ತಕ್ಕೆ ಬಿರುಕಿನ ಬಾಯಲ್ಲಿ ಇರುವೆಗಳು ಒತ್ತೊತ್ತಾಗಿ ಸೇರಿ ಮುದ್ದೆಯಾದವು. ಮುದ್ದೆ ಮೆಲ್ಲನೆ ಕದಲಿತು. ಅದರ ನಡುವೆ, ಉಳಿದವರ ಎರಡರಷ್ಟು ಉದ್ದದ, ಕಂದುಗಪ್ಪು ಮೈಯ ಒಬ್ಬಳು. ಮುಂದೆ ಹಿಂದೆ ಅಕ್ಕಪಕ್ಕ ಮೈಗೆ ಮೈ ಹಚ್ಚಿ, ಅವಳ ಬೆನ್ನೊಂದೇ ಕಾಣುವಂತೆ ಸುತ್ತುವರಿದು ಕರೆದುಕೊಂಡು ಹೊರಟಿದ್ದರು.

"ಅಮ್ಮ ಬಂದ್ಲು," ಎಂದರು ಎತೆಲ್ಕಾ.

ಇರ್ಮಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ತಮಾಷೆಗಲ್ಲ. ನನ್ನ ಕಣ್ಣು ಏಕೆ ತುಂಬಿತೋ ನನಗೆ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಎರಡು ಗೇಣಿನ ಆ ದಾರಿ ದಾಟಲು ಅವರಿಗೆ ಏಳು ನಿಮಿಷ ಬೇಕಾಯಿತು. ಆ ಏಳು ನಿಮಿಷ ಎತೆಲ್ಕಾ ಕಣ್ಣು ಮಿಟುಕಿಸಿದ್ದನ್ನು ನಾನು ಕಾಣಲಿಲ್ಲ. ಕೊನೆಯ ಇರುವೆ ಕುಂಡದೊಳಗೆ ಹೋದ ಮೇಲೆ ಮೊರ ನೂಕಿ, ಎದೆಗವಚಿಕೊಂಡು ಎತ್ತಿದರು. ಬಾಗಿಲು ತೆರೆಯಲು ಸಾಬೋಲ್ಚ್ ಓಡಿದ.

ಮಧ್ಯಾಹ್ನ ಹನ್ನೆರಡಕ್ಕೆ ಮದ್ದಿನ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಗಾಡಿಯವನು ಬಿಳಿ ಅಂಗಿ ಹಾಕಿಕೊಂಡು ಸಿದ್ಧನಾಗಿದ್ದ. ಎತೆಲ್ಕಾ ಬೆಳಗಿನ ಎಣಿಕೆಯ ಹಾಳೆಯನ್ನು ಸಾಬೋಲ್ಚ್ ಕೈಗೆ ಕೊಟ್ಟರು. ಎಲೆಗೆ ಮೂವತ್ತೆಂಟು. ಸೋಮವಾರಕ್ಕಿಂತ ಮೂರೇ ಕಡಿಮೆ. ಇರುವೆ ಹೋದ ಗಳಿಗೆಯಲ್ಲೇ ಹೇನು ಹೋಗುವುದಿಲ್ಲವಲ್ಲ. ಒಂದು ಸುಳ್ಳು ಅಂಕಿ ಬರೆದಿದ್ದರೆ ಕೇಳುವವರು ಯಾರೂ ಇರಲಿಲ್ಲ, ಆದರೆ ಅವರು ಬರೆದಿದ್ದು ಮೂವತ್ತೆಂಟನ್ನೇ. ಬೇಡಿಕೊಳ್ಳಲೂ ಇಲ್ಲ. ಕೈಚೀಲ ತೆಗೆದುಕೊಂಡು ಸೈಕಲ್ ಹತ್ತಿರ ಹೋಗಿ ನಿಂತರು.

ಸಾಬೋಲ್ಚ್ ಹಾಳೆ ಮಡಚಿ ಒಳಗೆ ಹೋದ. ಹದಿನೇಳನೇ ಸಾಲಿನಲ್ಲಿ ಒಂದು ಎಲೆ ಮಗುಚಿ ಭೂತಗನ್ನಡಿ ಹಿಡಿದು ನಿಂತ. ಗಾಡಿಯವನು ಮೂರು ಸಿಗರೇಟು ಮುಗಿಸಿದ, ಇನ್ನೊಂದನ್ನು ಹಚ್ಚಿದ. ಗಾಜಿನಾಚೆಯಿಂದ ನಮಗೆ ಹುಡುಗನ ಬೆನ್ನು ಮಾತ್ರ ಕಾಣುತ್ತಿತ್ತು. ಹೊರಗೆ ಬಂದಾಗ ಅವನ ಮುಖದಲ್ಲಿ ಬೆವರು.

"ಒಂದು ಕಣಜ," ಎಂದ. "ಹೊಟ್ಟೆನ ಕಾಲುಗಳ ಮಧ್ಯೆ ಮುಂದಕ್ಕೆ ಬಗ್ಗಿಸಿ ಹೇನಿಗೆ ಚುಚ್ತಾ ಇತ್ತು, ನೇನಿ. ಒಂದಾದ್ಮೇಲೆ ಒಂದು. ಓಡಿಸೋಕೆ ಒಂದು ಇರುವೆನೂ ಬರ್ಲಿಲ್ಲ." ಆಮೇಲೆ ಗಾಡಿಯವನ ಕಡೆ ತಿರುಗಿ, "ವಾಪಸ್ ತಗೊಂಡ್ಹೋಗಪ್ಪ. ಇನ್ನು ಹತ್ತು ದಿನ ನೋಡ್ತೀನಿ," ಎಂದ.

ಹತ್ತನೇ ದಿನ ನಾನು ಮತ್ತೆ ಹೋದೆ. ಎಲೆಗಳ ಅಡಿಯಲ್ಲಿ ಕಣಜ ಚುಚ್ಚಿದ ಹೇನುಗಳು ಕಂದುಬಣ್ಣಕ್ಕೆ ತಿರುಗಿ ಉಬ್ಬಿ ಒಣಗಿ ಕೂತಿದ್ದವು. ಜೀವಂತ ಹೇನು ಎಲೆಗೆ ಹನ್ನೊಂದು. ಕಚೇರಿಯ ಹಲಗೆಯ ಮೇಲೆ ನಾಲ್ಕನೇ ಮನೆಯ ಮುಂದೆ "ಮದ್ದು ಇಲ್ಲ" ಎಂದು ಸಾಬೋಲ್ಚ್ ದಪ್ಪಕ್ಷರದಲ್ಲಿ ಬರೆದಿದ್ದ. ಆದರೂ ಅವನ ಮುಖ ಗೆಲುವಾಗಿರಲಿಲ್ಲ.

"ಡಿಸೆಂಬರ್‌ಗೆ ನೀವು ನಿವೃತ್ತಿ ಆಗ್ತೀರಿ, ನೇನಿ. ಆಮೇಲೆ ಇರುವೆ ಕೆಲಸ ಗೊತ್ತಿರೋರನ್ನ ನಾನು ಎಲ್ಲಿಂದ ತರ್ಲಿ? ಜಾಹೀರಾತು ಹಾಕೋಣ ಅಂದ್ರೆ ಏನಂತ ಹಾಕೋದು?"

ಎತೆಲ್ಕಾ ಎಲೆ ಮಗುಚುತ್ತಲೇ ಇದ್ದರು. "ಆ ಶನಿವಾರ ಆ ಎಲೆ ಹಿಡ್ಕೊಂಡು ಎಷ್ಟು ಹೊತ್ತು ನಿಂತಿದ್ದೆ, ಗೊತ್ತಾ ನಿಂಗೆ?"

"ಒಂದೈದು ನಿಮಿಷ ಇರ್ಬೇಕು."

"ನಲವತ್ತು ನಿಮಿಷ. ನಾನು ಸೈಕಲ್ ಹಿಡ್ಕೊಂಡು ನಿಂತು ನೋಡ್ತಾನೇ ಇದ್ದೆ." ಈಗ ಅವರು ತಲೆಯೆತ್ತಿ ಅವನ ಮುಖ ನೋಡಿದರು. "ಈ ಕೆಲಸ ಅಂದ್ರೆ ಅದೇ ಕಣೋ, ಮಗಾ. ಇನ್ನು ಯಾರನ್ನ ಹುಡುಕ್ತೀಯ?"